ಸಂಖ್ಯೆ ೪೪೧೭ರ ಬೀಳ್ಕೊಡುಗೆ

ನಮ್ಮ ಗ್ರಂಥಾಲಯಕ್ಕೆ ಬರುವ ಪ್ರತಿಯೊಂದು ವ್ಯಕ್ತಿ ಅಥವಾ ವಸ್ತುವನ್ನು ಮೂರು ರಿಜಿಸ್ಟರುಗಳ ಪೈಕಿ ಒಂದರಲ್ಲಿ ದಾಖಲಿಸತಕ್ಕದ್ದು. ದಾಖಲಾಗದಿದ್ದಲ್ಲಿ ಬಂದೇ ಇಲ್ಲವೆಂದು ಭಾವಿಸತಕ್ಕದ್ದು. ಇದು ನಿಯಮ ನಾಲ್ಕು. ಇಪ್ಪತ್ತೆರಡು ವರ್ಷಗಳಿಂದ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿರುವ ದಾಖಲೆ ಗುಮಾಸ್ತ ನಾನು. ಆದಕಾರಣ ರಟ್ಟಕ್ಕನ ಬೀಳ್ಕೊಡುಗೆಯ ಬಗ್ಗೆ ಊರಲ್ಲಿ ಹಬ್ಬಿರುವ ಸುದ್ದಿಯಲ್ಲಿ, ತಪ್ಪು ಗುಮಾಸ್ತನದು ಎನ್ನುವ ಭಾಗವನ್ನು ಮೊದಲಿಗೇ ಅಲ್ಲಗಳೆಯುತ್ತೇನೆ.

ರಟ್ಟಕ್ಕ ಎನ್ನುವುದು ನಾವಿಟ್ಟ ಹೆಸರು. ಸಮುದ್ರದಾಚೆಯ ದೇಶದಲ್ಲಿ ನೆಲೆಸಿದ ಕನ್ನಡದವರೇ, ಅಲ್ಲಿ ಅವರದು ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ. ಆರು ವಾರ ಸಂಬಳವಿಲ್ಲದೆ ಸೇವೆ ಮಾಡಿ, ನಮ್ಮ ಹರಿದ ಪುಸ್ತಕಗಳನ್ನೆಲ್ಲ ಸರಿಪಡಿಸಿ ಹೋಗಲು ಸ್ವಂತ ಇಚ್ಛೆಯಿಂದ ಬಂದಿದ್ದರು. ಬಂದ ದಿನ ಸೂಟ್‌ಕೇಸು ಕೆಳಗಿಟ್ಟು, "ಎಲ್ಲಿ ಕೂತ್ಕೊಳ್ಲಿ ಸಾರ್?" ಎಂದು ಕೇಳಿದರು. ಎಲ್ಲಿ ಕೂರಿಸಬೇಕು ಎನ್ನುವುದು ಆಮೇಲಿನ ಮಾತು. ಎಲ್ಲಿ ಬರೆದುಕೊಳ್ಳಬೇಕು ಎನ್ನುವುದು ಮೊದಲು.

ಮೊದಲನೆಯ ರಿಜಿಸ್ಟರು ನೌಕರರದು. ಅದರಲ್ಲಿ ಸಂಬಳದ ಕಾಲಂ ಖಾಲಿ ಬಿಡುವಂತಿಲ್ಲ. ಎರಡನೆಯದು ಓದುಗರದು.

"ಓದೋಕೆ ಬಂದಿದ್ದೀರಾ?" ಎಂದು ಕೇಳಿದೆ.

"ಇಲ್ಲಪ್ಪ, ಹೊಲಿಯೋಕೆ" ಎಂದರು.

ಉಳಿದದ್ದು ಮೂರನೆಯದು: ಬೇರೆ ಗ್ರಂಥಾಲಯಗಳಿಂದ ಎರವಲು ತಂದ ಪುಸ್ತಕಗಳ ರಿಜಿಸ್ಟರು. ಎಲ್ಲಿಂದ ಬಂತು, ಎಂದು ಬಂತು, ಎಂದು ಹಿಂತಿರುಗಿಸಬೇಕು, ಸ್ಥಿತಿ ಹೇಗಿದೆ. ಒಂದೊಂದು ಕಾಲಮ್ಮನ್ನೂ ಅವರಿಗೆಂದೇ ಗೆರೆ ಎಳೆದು ಮಾಡಿದಂತಿತ್ತು. ಪುಟಗಳೆಷ್ಟು ಎನ್ನುವಲ್ಲಿ ಮಾತ್ರ ಸ್ವಲ್ಪ ತಡವರಿಸಿದೆ. ವಯಸ್ಸು ಕೇಳಿ, ಐವತ್ತಾರು ಎಂದು ಬರೆದೆ. ಸ್ಥಿತಿ: ಉತ್ತಮ, ಬೆನ್ನು ಸ್ವಲ್ಪ ಸವೆದಿದೆ. ನಂತರ ೪೪೧೭ ಎಂಬ ಚೀಟಿಯನ್ನು ಅವರ ಏಪ್ರನ್ನಿಗೆ ಅಂಟಿಸಿದೆ.

ಎರವಲು ಪುಸ್ತಕ ಬಂದ ಕೂಡಲೇ ಅದರ ಹೊರಕವಚ ಕೊಳೆಯಾಗದಂತೆ ಕಳಚಿ ಬೀರುವಿನಲ್ಲಿಟ್ಟು, ವಾಪಸ್ ಹೋಗುವ ದಿನ ತೊಡಿಸಿ ಕಳಿಸುವುದು ನಮ್ಮ ಪದ್ಧತಿ. ಅದರಂತೆ ಅವರ ಪಾಸ್‌ಪೋರ್ಟನ್ನು ತೆಗೆದು ಬೀರುವಿನಲ್ಲಿಟ್ಟೆ.

"ಇದೇನು ಸಾರ್ ಇಷ್ಟೆಲ್ಲಾ?"

"ನೀವು ಕಳೆದುಹೋಗಬಾರದಲ್ಲ ಅಕ್ಕಾ."

"ಪರವಾಗಿಲ್ವೇ. ನಮ್ಮನೇಲೂ ನನ್ನ ಇಷ್ಟು ಜೋಪಾನ ಮಾಡಿದೋರಿಲ್ಲ" ಎಂದು ನಕ್ಕರು. ಆಕ್ಷೇಪಣೆ ಏನಿದ್ದರೂ ಅಂದೇ ಸಲ್ಲಿಸಬಹುದಿತ್ತು.

ನಮ್ಮಲ್ಲಿ ಚಿಕಿತ್ಸಾ ಕೊಠಡಿ ಎಂದೊಂದು ಕೋಣೆಯಿದೆ. ಹರಿದ ಪುಸ್ತಕಗಳನ್ನು ಅಲ್ಲಿಗೆ ಕಳಿಸುತ್ತಿದ್ದೆವು. ಹತ್ತೊಂಬತ್ತು ವರ್ಷಗಳಲ್ಲಿ ಅಲ್ಲಿಂದ ಒಂದೂ ಗುಣವಾಗಿ ಹೊರಬಂದಿರಲಿಲ್ಲ, ಏಕೆಂದರೆ ಚಿಕಿತ್ಸೆ ಎಂಬ ಕ್ರಮ ಅಲ್ಲಿ ಜಾರಿಯಲ್ಲಿರಲಿಲ್ಲ. ರಟ್ಟಕ್ಕ ಅದೇ ಕೋಣೆಯ ಕಿಟಕಿ ತೆಗೆದು, ಮೈದಾ ಅಂಟು ಕಾಯಿಸಿ, ದಾರಕ್ಕೆ ಮೇಣ ತೀಡಿ, ಮೂರು ಕಲ್ಲು ಹೇರಿದ ಹಲಗೆಯನ್ನೇ ಒತ್ತುಯಂತ್ರ ಮಾಡಿಕೊಂಡು ಕೂತರು. ಆರು ವಾರದಲ್ಲಿ ಮುನ್ನೂರ ಹನ್ನೆರಡು ಪುಸ್ತಕ ಎದ್ದು ಕೂತವು. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸಿದವರಿಗೆಲ್ಲ ಬೈಗುಳ ಬಿತ್ತು. ಮುಖ್ಯ ಗ್ರಂಥಪಾಲಕರಾದ ನಮ್ಮ ಸಾಹೇಬರಿಗೂ ಬಿತ್ತು. ಅಂದಿನಿಂದ ಅವರು ಪುಟ ತಿರುಗಿಸುವುದನ್ನೇ ಬಿಟ್ಟಿದ್ದಾರೆ.

ಬೀಳ್ಕೊಡುಗೆ ಬುಧವಾರ ನಾಲ್ಕು ಗಂಟೆಗೆ ನಿಗದಿಯಾಯಿತು. ರಟ್ಟಕ್ಕನ ವಿಮಾನ ಶನಿವಾರ. ಅದರ ಮುಂದಿನ ವಾರ ಅವರ ಒಬ್ಬಳೇ ಮಗಳಿಗೆ ಹೆರಿಗೆ. "ಅವಳಿಗೆ ನಾನು ಪಕ್ಕದಲ್ಲೇ ಇರಬೇಕು. ಮಾತು ಕೊಟ್ಟು ಬಂದಿದೀನಿ" ಎಂದು ಆರು ವಾರವೂ ಹೇಳಿಕೊಂಡೇ ಸೂಜಿ ಓಡಿಸಿದ್ದರು. ಏಪ್ರನ್ನಿನ ಜೇಬಿನಲ್ಲಿ ಮಗಳ ಫೋಟೊ, ಅದಕ್ಕೂ ಅಂಚಿಗೆ ಬಟ್ಟೆಪಟ್ಟಿ ಹಚ್ಚಿದ್ದರು.

ಸಮಾರಂಭದಲ್ಲಿ ಚಹಾ, ಬಿಸ್ಕತ್ತು, ಸಾಹೇಬರ ನಲವತ್ತು ನಿಮಿಷದ ಸಂಕ್ಷಿಪ್ತ ಭಾಷಣ ಮುಗಿದವು. "ಇನ್ನು ವಾಪಸ್ ಮುದ್ರೆ ಒತ್ತಿ, ಹೊರಕವಚ ತೊಡಿಸಿ" ಎಂದು ನನಗೆ ಆದೇಶವಾಯಿತು. ರಿಜಿಸ್ಟರು ತೆರೆದೆ. ೪೪೧೭ರ ಎದುರು ಒಂದು ಚೀಟಿ ಲಗತ್ತಾಗಿತ್ತು. ಯಾರೋ ಓದುಗರು ಕಾಯ್ದಿರಿಸಿದ್ದರು. ಕಾಯ್ದಿರಿಸಿದ ಪುಸ್ತಕವನ್ನು, ಕಾಯ್ದಿರಿಸಿದವರು ಹದಿನಾಲ್ಕು ದಿನ ಓದುವ ತನಕ ಎಲ್ಲಿಗೂ ಕಳಿಸತಕ್ಕದ್ದಲ್ಲ. ನಿಯಮ ಇಪ್ಪತ್ತಮೂರು.

ಕಾಯ್ದಿರಿಸಿದವರು ನಿವೃತ್ತ ಗಣಿತದ ಮೇಷ್ಟ್ರು. ದಿನಾ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುವವರು. ತೆಳ್ಳಗಿನ ಪುಸ್ತಕವೆಂದರೆ ಅವರಿಗೆ ಪ್ರಾಣ. ದಪ್ಪ ಪುಸ್ತಕ ಮುಗಿಸುವಷ್ಟು ಆಯುಸ್ಸು ಉಳಿದಿದೆಯೋ ಇಲ್ಲವೋ ಎಂಬ ಲೆಕ್ಕ ಅವರದು. ಸೂಚನಾ ಫಲಕದ ಹೊಸದಾಗಿ ಬಂದವುಗಳ ಪಟ್ಟಿಯಲ್ಲಿ 'ಸಂಖ್ಯೆ ೪೪೧೭, ವಿದೇಶಿ, ಐವತ್ತಾರು ಪುಟ, ಸ್ಥಿತಿ ಉತ್ತಮ' ಎಂದು ನೋಡಿ, ಅಂದೇ ಚೀಟಿ ಹಾಕಿದ್ದರು. ಕರೆಸಿ ವಿಷಯ ತಿಳಿಸಿದೆವು.

"ಪುಸ್ತಕ ಅಲ್ವಾ? ಮನುಷ್ಯರಾ?" ಎಂದು ಮೇಷ್ಟ್ರು ರಟ್ಟಕ್ಕನನ್ನು ಕನ್ನಡಕದ ಮೇಲಿನಿಂದ ನೋಡಿದರು. "ಇರ್ಲಿ ಬಿಡಿ. ಐದು ವಾರ ಕಾದಿದೀನಿ. ಮೂವತ್ತೊಂದು ವರ್ಷದಲ್ಲಿ ನಾನು ಹಾಕಿದ ಚೀಟಿ ವಾಪಸ್ ತಗೊಂಡೋನಲ್ಲ."

"ಏನ್ರೀ ಇದು ತಮಾಷೆ!" ರಟ್ಟಕ್ಕ ಚಹಾದ ಲೋಟ ಟಪ್ಪೆಂದು ಇಟ್ಟರು. "ನಾನು ಎದ್ದು ಹೋಗ್ತೀನಿ. ಯಾರು ತಡೀತಾರೆ ನೋಡ್ತೀನಿ."

"ತಡೆಯುವ ಪ್ರಶ್ನೆಯೇ ಇಲ್ಲ" ಎಂದರು ಸಾಹೇಬರು ಬಹಳ ಮರ್ಯಾದೆಯಿಂದ. "ಆದರೆ ಪುಸ್ತಕವೊಂದು ತನ್ನನ್ನು ತಾನೇ ಕದ್ದುಕೊಂಡು ಹೋದರೆ ದೂರು ಯಾರ ಮೇಲೆ ಕೊಡಬೇಕು ಅನ್ನೋದು ಸ್ಪಷ್ಟ ಇಲ್ಲ. ಸ್ಪಷ್ಟ ಆಗೋವರೆಗೂ ಹೊರಕವಚ ಬೀರುವಿನಲ್ಲೇ ಇರುತ್ತೆ."

ಗುರುವಾರ ಬೆಳಿಗ್ಗೆ ಓದುವ ಕೋಣೆಯ ಏಳನೆಯ ಮೇಜಿನಲ್ಲಿ ರಟ್ಟಕ್ಕನನ್ನು ಮೇಷ್ಟ್ರಿಗೆ ನೀಡಲಾಯಿತು. ಆ ಕೋಣೆಯಲ್ಲಿ ಮಾತಾಡುವಂತಿಲ್ಲ. ಮೇಷ್ಟ್ರು ಎದುರಿಗೆ ಕೂತು ಎರಡು ಗಂಟೆ ಅವರ ಮುಖ ನೋಡಿದರು. ರಟ್ಟಕ್ಕ ಎರಡು ಗಂಟೆ ಗಡಿಯಾರ ನೋಡಿದರು. ಆಮೇಲೆ ಅವರ ಕಣ್ಣಿಗೆ ಮೇಷ್ಟ್ರ ಕೋಟಿನ ಹರಿದ ಜೇಬು ಬಿತ್ತು. ಹರಿದದ್ದನ್ನು ಕಂಡು ಸುಮ್ಮನಿರುವುದು ಅವರ ಜಾಯಮಾನದಲ್ಲೇ ಇಲ್ಲ. ಕೋಟು ಎಳೆದುಕೊಂಡು, ಹಲ್ಲು ಕಚ್ಚಿಕೊಂಡು, ಪುಸ್ತಕಕ್ಕೆ ಹಾಕುವ ಹೊಲಿಗೆಯನ್ನೇ ಹಾಕಿದರು. ಮಧ್ಯಾಹ್ನ ಹೊರಗೆ ಬಂದ ಮೇಷ್ಟ್ರು ಜೇಬು ತಟ್ಟಿಕೊಂಡು, "ಮುನ್ನುಡಿ ತುಂಬಾ ಚೆನ್ನಾಗಿದೆ" ಎಂದು ಅಭಿಪ್ರಾಯ ಪುಸ್ತಕದಲ್ಲಿ ಬರೆದರು.

ಇತ್ತ ಸಾಹೇಬರು ಕೈಕಟ್ಟಿ ಕೂತಿರಲಿಲ್ಲ. ರಟ್ಟಕ್ಕನ ಮಗಳಿಗೆ ಇಮೇಲಿನಲ್ಲಿ ಒಂದು ಪತ್ರ ಬರೆದರು. "ಮಾನ್ಯರೇ, ತಮ್ಮ ತಾಯಿಯವರು ಓದುಗರೊಬ್ಬರ ಬಳಿ ಇರುವುದರಿಂದ, ತಮ್ಮ ಹೆರಿಗೆಯನ್ನು ಹದಿನಾಲ್ಕು ದಿನಗಳ ಮಟ್ಟಿಗೆ ಮುಂದೂಡಿ ಸಹಕರಿಸಬೇಕಾಗಿ ಕೋರಲಾಗಿದೆ. ಮುಂದೂಡಲು ಸಾಧ್ಯವಾಗದಿದ್ದಲ್ಲಿ ಸಕಾರಣ ವಿವರಣೆ ನೀಡತಕ್ಕದ್ದು."

ವಿವರಣೆ ಶುಕ್ರವಾರ ಮೂರು ಗಂಟೆಗೆ ಫೋನಿನಲ್ಲಿ ಬಂತು. ಎತ್ತಿದವನು ನಾನು.

"ಯಾರ್ರೀ ಅದು ನಮ್ಮಮ್ಮನ್ನ ಎರವಲು ಕೊಟ್ಟಿರೋರು?"

"ದಾಖಲೆ ವಿಭಾಗ ಮಾತಾಡ್ತಿರೋದು, ಅಮ್ಮಾ. ನಿಮ್ಮ ವಿಷಯ ಪರಿಶೀಲನೆಯಲ್ಲಿದೆ."

"ನನ್ನ ಹೊಟ್ಟೆ ನಿಮ್ಮ ಪರಿಶೀಲನೆಗೆ ಕಾಯಲ್ಲ ಸಾರ್! ಡಾಕ್ಟ್ರು ಯಾವಾಗ ಬೇಕಾದ್ರೂ ಆಗ್ಬಹುದು ಅಂದಿದಾರೆ." ಅಷ್ಟರಲ್ಲಿ ಹುಡುಗಿಯ ದನಿ ನಡುಗಿತು. "ನಾನು ಧೈರ್ಯಸ್ಥೆ ಅಂತ ಎಲ್ಲರೂ ಅನ್ಕೊಂಡಿದಾರೆ. ಅಮ್ಮ ಪಕ್ಕದಲ್ಲಿದ್ರೆ ಮಾತ್ರ ಸಾರ್ ಧೈರ್ಯ. ಅವಳಿಲ್ದಿದ್ರೆ ನಾನು ಅರ್ಧ. ಅವಳೂ ಅಷ್ಟೇ, ನಾನಿಲ್ದಿದ್ರೆ ಅರ್ಧ."

ನನಗೆ ಬಹಳ ಸಂಕಟವಾಯಿತು. ಅದರ ಹಿಂದೆಯೇ ಬುದ್ಧಿಯೂ ಹೊಳೆಯಿತು.

"ಅರ್ಧ ಅಂದ್ರಾ?"

"ಹೂಂ, ಅರ್ಧ!"

"ಫೋನ್ ಇಡ್ಬೇಡಿ ಅಮ್ಮಾ" ಎಂದು ನಿಯಮಗಳ ಪುಸ್ತಕ ತೆರೆದೆ. ರಟ್ಟಕ್ಕನೇ ಹೊಸ ಬೆನ್ನು ಕಟ್ಟಿದ ಪ್ರತಿ ಅದು, ಎಲ್ಲಿ ತೆರೆದರೂ ಅಲ್ಲೇ ನಿಲ್ಲುತ್ತಿತ್ತು. ನಿಯಮ ಮೂವತ್ತೆಂಟು: ಒಂದಕ್ಕಿಂತ ಹೆಚ್ಚು ಸಂಪುಟಗಳಿರುವ ಕೃತಿಯನ್ನು ಬಿಡಿಬಿಡಿಯಾಗಿ ಓದುಗರಿಗೆ ನೀಡತಕ್ಕದ್ದಲ್ಲ, ಅಪೂರ್ಣವಾಗಿ ಬಂದ ಕೃತಿಯನ್ನು ತಕ್ಷಣ ಪ್ರಕಾಶಕರಿಗೆ ಹಿಂತಿರುಗಿಸತಕ್ಕದ್ದು.

ಫೋನು ಹಿಡಿದುಕೊಂಡೇ ಸಾಹೇಬರ ಕೋಣೆಗೆ ಓಡಿದೆ. ಏಳನೆಯ ಮೇಜಿನಿಂದ ರಟ್ಟಕ್ಕನನ್ನೂ ಮೇಷ್ಟ್ರನ್ನೂ ಕರೆಸಲಾಯಿತು.

"ಸಾರ್, ೪೪೧೭ ಬಿಡಿ ಪುಸ್ತಕ ಅಲ್ಲ. ಸಂಪುಟ ಒಂದು. ಎರಡನೇ ಸಂಪುಟ ಸದ್ಯ ಫೋನಿನಲ್ಲಿದೆ."

ಸಾಹೇಬರು ಗಂಭೀರರಾದರು. "ಎರಡೂ ಒಂದೇ ಕೃತಿ ಅನ್ನೋದಕ್ಕೆ ದಾಖಲೆ?"

ರಟ್ಟಕ್ಕ ಅಷ್ಟರಲ್ಲಿ ನಮ್ಮ ಪದ್ಧತಿಗೆ ಪಳಗಿದ್ದರು. ಜೇಬಿನಿಂದ ಫೋಟೊ ತೆಗೆದು ಮೇಜಿನ ಮೇಲಿಟ್ಟರು. ಅದೇ ಮೂಗು, ಅದೇ ಹುಬ್ಬು, ಬೈಯುವ ಮೊದಲು ಬಾಯಿ ಬಿಗಿಹಿಡಿಯುವುದೂ ಅದೇ. ಸಾಹೇಬರು ಭೂತಗನ್ನಡಿ ಹಿಡಿದು ಒಮ್ಮೆ ಫೋಟೊ, ಒಮ್ಮೆ ರಟ್ಟಕ್ಕನನ್ನು ನೋಡಿ, "ಒಂದೇ ಅಚ್ಚು. ಅನುಮಾನವೇ ಇಲ್ಲ" ಎಂದು ಷರಾ ಬರೆದರು. "ಒಟ್ಟು ಎಷ್ಟು ಸಂಪುಟ?"

"ಮೂರು" ಎಂದರು ರಟ್ಟಕ್ಕ. "ಮೂರನೇದು ಅಚ್ಚಿನಲ್ಲಿದೆ. ಮುಂದಿನ ವಾರ ಬಿಡುಗಡೆ."

"ಪ್ರಕಾಶಕರು?"

ರಟ್ಟಕ್ಕ ಫೋಟೊ ವಾಪಸ್ ಜೇಬಿಗಿಟ್ಟರು. "ನಮ್ಮ ಯಜಮಾನ್ರು ಅಂತ ಬರ್ಕೊಳ್ಳಿ. ಮೂರನೇದಕ್ಕೆ ನಮ್ಮ ಅಳಿಯಂದ್ರು."

ಮೇಷ್ಟ್ರು ಕುರ್ಚಿಯಿಂದ ಎದ್ದರು. "ಅಪೂರ್ಣ ಅಂತ ಮೊದಲೇ ಯಾಕೆ ಹೇಳ್ಲಿಲ್ಲ?" ಎಂದು ನನ್ನ ಮೇಲೆ ರೇಗಿದರು. "ಒಂದು ಭಾಗ ಓದಿ, ಮುಂದಿನದು ಸಿಗದೆ ಒದ್ದಾಡಿದವನಿಗೇ ಗೊತ್ತು ಆ ಕಷ್ಟ. ಮೊದಲು ಪೂರ್ತಿ ಆಗ್ಲಿ. ಕಳಿಸಿ, ಕಳಿಸಿ! ನನ್ನ ಚೀಟಿ ಮಾತ್ರ ಹಾಗೇ ಇರಲಿ."

'ಅಪೂರ್ಣ, ಪ್ರಕಾಶಕರಿಗೆ ವಾಪಸ್' ಎಂಬ ಮುದ್ರೆಯನ್ನು ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಒತ್ತಲಾಯಿತು. ಎಲ್ಲಿ ಒತ್ತಬೇಕೆಂದು ಹತ್ತು ನಿಮಿಷ ಚರ್ಚೆ ನಡೆದು, ಕೊನೆಗೆ ಏಪ್ರನ್ನಿನ ಮೇಲೆ ಒತ್ತಿದೆ. ಫೋನು ಇನ್ನೂ ಸಾಹೇಬರ ಮೇಜಿನ ಮೇಲೇ ಇತ್ತು, ಕಡಿದಿರಲಿಲ್ಲ. "ಹೊರಟೆ ಕಣೇ, ನಾಳೆ ಹೊರಟೆ" ಎಂದು ರಟ್ಟಕ್ಕ ಅದರೊಳಗೆ ಕೂಗಿದರು. ಆ ಕಡೆಯಿಂದ ಅಳುವೋ ನಗುವೋ ಕೇಳಿಸಿತು.

ಶನಿವಾರ ಬೆಳಿಗ್ಗೆ ಗೇಟಿನ ಬಳಿ ಪಾಸ್‌ಪೋರ್ಟು ಕೈಗಿತ್ತೆ. ರಟ್ಟಕ್ಕ ಏಪ್ರನ್ ಕಳಚಿ, ಮಡಚಿ, ನನ್ನ ಕೈಯಲ್ಲಿಟ್ಟರು. "ನಿಮ್ಮ ರಿಜಿಸ್ಟರಿಗೆ ಬೆಂಕಿ ಬೀಳ್ಲಿ ಹೋಗಿ" ಎಂದು ಬೈದು, ಮರುಕ್ಷಣವೇ ಕಣ್ಣೊರೆಸಿಕೊಂಡು, "ಬೆರಳಿಗೆ ಎಂಜಲು ಹಚ್ಬೇಡಿ" ಎಂದರು. ಟ್ಯಾಕ್ಸಿ ತಿರುವು ದಾಟಿ ಹೋಯಿತು. ನಾನು ಏಪ್ರನ್ ಬಿಚ್ಚಿ, ಮತ್ತೆ ಮಡಚಿದೆ, ಮೂರು ಸಲ. ಅದನ್ನು ದಾಖಲಿಸಲು ಯಾವ ರಿಜಿಸ್ಟರಿನಲ್ಲೂ ಕಾಲಂ ಇಲ್ಲದಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಹನ್ನೊಂದು ದಿನಗಳ ನಂತರ ಫೋಟೊ ಬಂತು. ರಟ್ಟಕ್ಕ ಪಕ್ಕದಲ್ಲೇ ಇದ್ದರಂತೆ, ಮಗಳು ಅವರ ಕೈಯನ್ನು ಬಿಡಲೇ ಇಲ್ಲವಂತೆ, ಎಲ್ಲ ಸುಸೂತ್ರ. ನಾನು ರಿಜಿಸ್ಟರು ತೆರೆದು ಬರೆದೆ: ಸಂಪುಟ ಮೂರು, ಬಿಡುಗಡೆಯಾಗಿದೆ. ಸ್ಥಿತಿ: ಅತ್ಯುತ್ತಮ, ಸದ್ದು ಹೆಚ್ಚು. ಪುಟಗಳು: ಸೊನ್ನೆ. ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಿ ಹಿಂತಿರುಗುವಷ್ಟರಲ್ಲಿ ಮೇಷ್ಟ್ರು ಅದರ ಮುಂದೆ ನಿಂತಿದ್ದರು.

"ಸೊನ್ನೆ ಪುಟ?" ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು. "ಜೀವಮಾನದಲ್ಲಿ ಇಷ್ಟು ತೆಳ್ಳಗಿನದು ನೋಡಿಲ್ಲ ನಾನು. ಇದನ್ನ ಮುಗಿಸೋಕೆ ಆಯುಸ್ಸು ಸಾಲಲ್ವಲ್ಲೋ" ಎಂದವರೇ ಅಲ್ಲೇ ನಿಂತು ಚೀಟಿ ತುಂಬಿದರು.

ಸಂಪುಟಗಳನ್ನು ಬಿಡಿಸುವಂತಿಲ್ಲವಾದ್ದರಿಂದ ಮೂವರೂ ಒಟ್ಟಿಗೆ ಬರಬೇಕೆಂದು ಸಾಹೇಬರು ಬರೆದರು. ಮೂರನೆಯದಕ್ಕೆ ಒಂದು ಪುಟ ತುಂಬಲಿ, ಖಂಡಿತ ಬರುತ್ತೇವೆ, ಅಲ್ಲಿಯವರೆಗೆ ಏಪ್ರನ್ ಯಾರಿಗೂ ಕೊಡಬೇಡಿ ಎಂದು ರಟ್ಟಕ್ಕನ ಉತ್ತರ ಬಂತು. ಓದುವ ಕೋಣೆಯ ಮೌನದ ನಿಯಮ ಮೂರನೆಯ ಸಂಪುಟಕ್ಕೆ ಅನ್ವಯಿಸದೆಂದು ತಿದ್ದುಪಡಿಯಾಗಿದೆ. ಚಿಕಿತ್ಸಾ ಕೊಠಡಿಯಲ್ಲಿ ತೊಟ್ಟಿಲಿಗೆ ಜಾಗ ಗುರುತಿಸಲಾಗಿದೆ. ಮೇಷ್ಟ್ರು ದಿನಾ ಏಳನೆಯ ಮೇಜಿನಲ್ಲಿ ಎದುರಿನ ಮೂರು ಕುರ್ಚಿ ಖಾಲಿ ಇಟ್ಟುಕೊಂಡು ಕೂರುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಈವರೆಗೆ ನಲವತ್ತೊಂದು ಮಂದಿ ಓದುಗರು ಚೀಟಿ ಹಾಕಿದ್ದಾರೆ. ಸಾಲಿನಲ್ಲಿ ಮೇಷ್ಟ್ರ ನಂತರದ ಹೆಸರು ನನ್ನದು. ಗುಮಾಸ್ತರು ಚೀಟಿ ಹಾಕಬಾರದೆಂದು ಎಲ್ಲೂ ಇಲ್ಲ, ನೋಡಿಯೇ ಹಾಕಿದ್ದೇನೆ.