ಆರನೇ ನಂಬರಿನ ಪೇಷಂಟು

ಮುಂಬಯಿ ಹತ್ತಿರದ ಕಲ್ಯಾಣದ ಆ ನರ್ಸಿಂಗ್ ಹೋಮಿನ ಲಿಫ್ಟು ಸೋಮವಾರ ಬೆಳಿಗ್ಗೆ ಕೈಕೊಡದಿದ್ದರೆ ಯೋಗೀಶನ ಹಣೆಬರಹ ಬೇರೆಯೇ ಆಗುತ್ತಿತ್ತು ಎಂದು ಅವನ ಹೆಂಡತಿ ಅಕ್ಕು ಈಗಲೂ ಹೇಳುತ್ತಾಳೆ. ಯೋಗೀಶ ಮಾತ್ರ ಲಿಫ್ಟನ್ನು ದೂರುವುದಿಲ್ಲ. ಅದಕ್ಕಿಂತ ಮುಂಚೆಯೇ ತನ್ನ ತಲೆ ಕೆಟ್ಟು ನಿಂತಿತ್ತು ಎನ್ನುವುದು ಅವನ ಪ್ರಾಮಾಣಿಕ ಅಭಿಪ್ರಾಯ.

ಡೊಂಬಿವಲಿ ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ಸಪ್ಲೈಯರ್ ಆಗಿದ್ದವನು ಯೋಗೀಶ. ಕಳೆದ ವರ್ಷ ಧಣಿಗಳು ಆ ಜಾಗವನ್ನು ಮೊಬೈಲ್ ಅಂಗಡಿಗೆ ಕೊಟ್ಟುಬಿಟ್ಟರು. ಭಿವಂಡಿಯ ಗೋದಾಮುಗಳ ನಡುವೆ ಕ್ಯಾಂಟೀನ್ ಇಟ್ಟಿದ್ದ ಅಕ್ಕುವಿನ ತಮ್ಮ ಸೂರಜ್, ನೆಂಟರೆಲ್ಲ ಸೇರಿದ್ದ ಒಂದು ಮದುವೆಯಲ್ಲೇ, "ಭಾವ, ಚಿಂತೆ ಬೇಡ, ನಮ್ಮಲ್ಲಿ ಟೇಬಲ್ ಒರೆಸ್ಲಿಕ್ಕೆ ಯಾವಾಗ್ಲೂ ಜನ ಬೇಕು" ಎಂದಿದ್ದ. ಆ ಮಾತು ಯೋಗೀಶನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತು. ಮರುವಾರವೇ ಅವನು ಕಲ್ಯಾಣದ ಆ ನರ್ಸಿಂಗ್ ಹೋಮಿನಲ್ಲೇ ಆರು ತಿಂಗಳ ರೋಗಿ ಆರೈಕೆಯ ಕೋರ್ಸಿಗೆ ಸೇರಿಕೊಂಡ.

ತರಗತಿಯಲ್ಲಿ ಉಳಿದವರೆಲ್ಲ ಇಪ್ಪತ್ತರ ಹುಡುಗಿಯರು. ಅವರಿಗೆಲ್ಲ ಇವನು ಕಾಕಾ. ನಾಡಿ ಎಣಿಸುವುದು, ಮಲಗಿದವರನ್ನು ಎಬ್ಬಿಸದೆ ಚಾದರ ಬದಲಿಸುವುದು, ಸ್ಪಂಜು ಸ್ನಾನ, ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಹೀಗೆ ಕಲಿತದ್ದನ್ನೆಲ್ಲ ಅವನು ಅಕ್ಕುವಿನ ಮೇಲೆ ಪ್ರಯೋಗಿಸಿದ. ಮಧ್ಯಾಹ್ನ ಚೂರು ಕಣ್ಣು ಮುಚ್ಚಿದವಳನ್ನು ಎಡಕ್ಕೆ ಹೊರಳಿಸಿ ಎಷ್ಟೋ ಸಲ ಬೈಸಿಕೊಂಡ. ಐರೋಲಿಯ ಆಸ್ಪತ್ರೆಯೊಂದು ಕೆಲಸ ಕೊಡಲು ಒಪ್ಪಿಯೂ ಇತ್ತು. ಸರ್ಟಿಫಿಕೇಟು ಹಿಡಿದು ಗುರುವಾರ ಬಂದರೆ ಕೆಲಸ, ಬರದಿದ್ದರೆ ಸೂರಜ್‌ನ ಕ್ಯಾಂಟೀನು. ನಡುವೆ ಉಳಿದದ್ದು ಈ ಸೋಮವಾರದ ಪ್ರಾಕ್ಟಿಕಲ್ ಪರೀಕ್ಷೆ ಒಂದೇ.

ಮೂರನೇ ಮಾಳಿಗೆಯ ವಾರ್ಡನ್ನು ನೋಡಿಕೊಳ್ಳುತ್ತಿದ್ದವರು ಬೆಳಗಾವಿ ಕಡೆಯ ಮುಕ್ತಾ ಸಿಸ್ಟರ್. "ಯೋಗೀಶ್‌ರ, ಪರೀಕ್ಷಾ ತಗೊಳ್ಳೋರು ಹನ್ನೊಂದಕ್ಕ ಬರ್ತಾರ, ಮೊದಲ ಪಾಳಿ ನಿಮ್ಮದ. ಲಿಫ್ಟ್ ಬೇರೆ ಕೆಟ್ಟೈತಿ, ನಾ ಕೆಳಗ ಗೇಟಿನ್ಯಾಗ ನಿಂತು ಕರಕೊಂಡ ಬರ್ತೀನಿ. ಆರನೇ ಬೆಡ್ಡಿಗೆ ಹೊಸಾ ಪೇಷಂಟ್ ಬರೂದೈತಿ, ಬಂದ್ರ ಮಲಗಿಸಿ ತಯಾರ ಮಾಡ್ರಿ. ಮತ್ತ, ಹೋಟೆಲಿನಂಗ ಒದರಬ್ಯಾಡ್ರಿ" ಎಂದು ಸ್ವಾಗತದ ಹೂಗುಚ್ಛ ಹಿಡಿದು ಇಳಿದು ಹೋದರು.

ಆ ಎಚ್ಚರಿಕೆಗೆ ಕಾರಣವಿತ್ತು. ಹಿಂದಿನ ವಾರ ಯೋಗೀಶ ವಾರ್ಡಿನ ಈ ತುದಿಯಿಂದ ಆ ತುದಿಗೆ, "ಎರಡನೇ ನಂಬರು, ಎರಡು ದಿನದಿಂದ ಹೊಟ್ಟೆ ಸಾಫ್ ಇಲ್ಲ" ಎಂದು ಆರ್ಡರ್ ಕೂಗಿದಂತೆ ಕೂಗಿದ್ದ. ಹರಳೆಣ್ಣೆಯಿಂದ ಪಪ್ಪಾಯಿಯವರೆಗೆ ಎಲ್ಲ ಹಾಸಿಗೆಗಳ ನೆಂಟರೂ ಸಲಹೆ ಕೊಟ್ಟರು. ಎರಡನೇ ನಂಬರಿನವರು ಸಂಜೆಯವರೆಗೆ ಹೊದಿಕೆ ತೆಗೆಯಲಿಲ್ಲ.

ಹತ್ತೂವರೆಗೆ ಅರವತ್ತು ದಾಟಿದ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದರು. ದಪ್ಪ ಕನ್ನಡಕ, ಕೈಯಲ್ಲಿ ನೋಟ್‌ಬುಕ್ಕು. ಬಂದವರೇ ಒಂದು ಹಾಸಿಗೆಯನ್ನು ಒತ್ತಿ ನೋಡಿದರು. ಕಿಟಕಿಯ ಅಂಚಿನ ಮೇಲೆ ಬೆರಳಾಡಿಸಿ ಬೆರಳನ್ನು ಬೆಳಕಿಗೆ ಹಿಡಿದರು. ಪರೀಕ್ಷೆ ಶುರುವಾಯಿತು ಎಂದುಕೊಂಡು ಯೋಗೀಶ ನೆಟ್ಟಗೆ ನಿಂತ. ಪರೀಕ್ಷೆಯವರು ಬರುತ್ತಾರೆ ಎಂದಿದ್ದ ಮುಕ್ತಾ ಸಿಸ್ಟರ್, ಗಂಡಸೋ ಹೆಂಗಸೋ ಹೇಳಿರಲಿಲ್ಲ.

"ನಮಸ್ಕಾರ ಮೇಡಂ, ಬೇಗ ಬಂದ್ರಿ" ಎಂದ.

"ಮುಂಚೆ ಬಂದು ನೋಡಿದ್ರೇನೇ ನಿಜ ಗೊತ್ತಾಗೋದು" ಎಂದರು ಅವರು, ಮೈಸೂರಿನ ಕನ್ನಡದಲ್ಲಿ. "ನೀವು ನಿಮ್ಮ ಕೆಲಸ ಮಾಡ್ತಿರಿ. ನಾನು ಸುಮ್ನೆ ನೋಡ್ತಿರ್ತೀನಿ."

ಕನ್ನಡ ಬಲ್ಲ ಪರೀಕ್ಷಕಿ. ಕಟೀಲಿನ ದೇವಿಯೇ ಕಳಿಸಿಕೊಟ್ಟಳು ಎಂದುಕೊಂಡ ಯೋಗೀಶ. ಆದರೆ ಮಾಡಿ ತೋರಿಸಲು ಪೇಷಂಟೇ ಬಂದಿಲ್ಲ. ಆರನೇ ಹಾಸಿಗೆ ಖಾಲಿ ಬಿದ್ದಿತ್ತು.

ಅಷ್ಟರಲ್ಲಿ ಹಿಂಬದಿಯ ಮೆಟ್ಟಿಲಿನಿಂದ ಐವತ್ತೈದರ ಒಬ್ಬ ದಪ್ಪ ಮನುಷ್ಯ ತೂರಾಡುತ್ತ ಬಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಸಿದ. ಅಂಗಿ ತೊಯ್ದು ತೊಪ್ಪೆ, ಹೆಗಲಲ್ಲಿ ಚೀಲ, ಕೈ ಎದೆಯ ಮೇಲೆ, ಬಾಯಿ ತೆರೆದು ಉಸಿರಿಗೆ ಒದ್ದಾಟ. ಗಿರಾಕಿ ಬಾಗಿಲಲ್ಲಿ ಕಾದು ಕೂತರೆ ಹೋಟೆಲಿಗೇ ಅವಮಾನ. ಯೋಗೀಶ ಒಂದೇ ನೆಗೆತಕ್ಕೆ ಅವರ ರಟ್ಟೆ ಹಿಡಿದು, "ಆರನೇ ನಂಬರು ಖಾಲಿ ಉಂಟು, ಬನ್ನಿ ಬನ್ನಿ" ಎಂದು ಎಬ್ಬಿಸಿಕೊಂಡು ಹೋಗಿ ಮಲಗಿಸಿದ.

"ಅರೇ ಭಾಯಿ, ಮೈಂ..." ಎನ್ನುವಷ್ಟರಲ್ಲಿ ಅವರ ನಾಲಗೆಯ ಅಡಿಯಲ್ಲಿ ಥರ್ಮಾಮೀಟರ್ ಇತ್ತು.

ಅಲ್ಲಿಂದ ಮುಂದೆ ಯೋಗೀಶನ ಕೈಗೆ ಎಲ್ಲಿಲ್ಲದ ಹುರುಪು ಬಂತು. ಮೊದಲು ಪರದೆ ಎಳೆದ. ಹೊರಗೆ ನಿಂತಿದ್ದ ಮೇಡಂ, "ಪರದೆ ಹಾಕಿದ್ರಿ, ಒಳ್ಳೇದು" ಎಂದು ಬರೆದುಕೊಂಡರು. ಥರ್ಮಾಮೀಟರ್ ತೆಗೆದು, ಅಂಗಿ ಬಿಚ್ಚಿಸಿ, ಬಿಸಿನೀರಿನ ಹದವನ್ನು ಮೊಣಕೈಯಲ್ಲಿ ನೋಡಿ, ಮುಖ, ತೋಳು, ಬೆನ್ನು ಒರೆಸಿದ. ಮಲಗಿದ್ದವರು ತಮಗೇನೂ ಆಗಿಲ್ಲವೆಂದು ಎರಡು ಸಲ ಏಳಲು ನೋಡಿದರು. "ಮುಝೆ ಕುಛ್ ನಹೀಂ ಹುವಾ" ಎಂದರು.

"ಎಲ್ಲ ಪೇಷಂಟೂ ಹೀಗೇ ಹೇಳುದು ಮೇಡಂ" ಎಂದ ಯೋಗೀಶ ಪರದೆಯ ಆಚೆಗೆ ಕೇಳುವಂತೆ. "ನಾವು ಸಿಟ್ಟು ಮಾಡ್ಲಿಕ್ಕಿಲ್ಲ. ಮೆಲ್ಲ ಮಾತಾಡಿ ಸಮಾಧಾನ ಮಾಡ್ಬೇಕು."

ಮೂರನೇ ಸಲ ಅವರು ಏಳಲಿಲ್ಲ. ಯೋಗೀಶನನ್ನು ಒಮ್ಮೆ ದಿಟ್ಟಿಸಿ ನೋಡಿ ಕಣ್ಣು ಮುಚ್ಚಿದರು. ಅವರನ್ನು ಮಗ್ಗುಲಿಗೆ ಹೊರಳಿಸಿ ಚಾದರ ಬದಲಿಸಿ, ಮೂಲೆಗಳನ್ನು ಮಸಾಲೆ ದೋಸೆಯ ಹಾಗೆ ಮಡಿಚಿ ಸಿಕ್ಕಿಸಿ, ಯೋಗೀಶ ಪರದೆ ಸರಿಸಿದ.

"ಈ ವಯಸ್ಸಲ್ಲಿ ಈ ಕೆಲಸಕ್ಕೆ ಯಾಕೆ ಬಂದ್ರಿ?" ಎಂದು ಕೇಳಿದರು ಮೇಡಂ.

"ಹೊಟ್ಟೆಪಾಡು ಮೇಡಂ, ಸುಳ್ಳು ಹೇಳ್ಲಿಕ್ಕಿಲ್ಲ. ಆದ್ರೆ ಹೋಟೆಲಲ್ಲಿ ಇಪ್ಪತ್ತೆರಡು ವರ್ಷ ಜನ ನನ್ನ ಮುಖ ನೋಡಿದ್ದಿಲ್ಲ, ಪ್ಲೇಟು ನೋಡಿದ್ದು. ಇಲ್ಲಿ ಒಂದು ದಿಂಬು ಸರಿ ಮಾಡಿದ್ರೆ ಕೈ ಹಿಡ್ಕೊಳ್ತಾರೆ. ಅದು ನನಗೆ ಬೇಕು ಅನ್ನಿಸ್ತದೆ."

ಇದು ಪರೀಕ್ಷೆಗೆಂದು ಹೇಳಿದ ಮಾತಾಗಿರಲಿಲ್ಲ.

"ನಿಮ್ಮಂಥೋರು ಇದ್ರೆ ನಾನು ಧೈರ್ಯವಾಗಿ ಒಪ್ಕೋತೀನಿ" ಎಂದು ಅವರು ನೋಟ್‌ಬುಕ್ಕು ಮುಚ್ಚಿದರು. ಯೋಗೀಶ ಮನಸ್ಸಿನಲ್ಲೇ ಐರೋಲಿಯ ರೈಲು ಹತ್ತಿದ.

ಆಗ ಫೈಲು ಹಿಡಿದ ಒಬ್ಬ ಯುವಕ ಏದುಸಿರು ಬಿಡುತ್ತ ಬಂದ. "ಅಮ್ಮಾ, ಇನ್ಶೂರೆನ್ಸ್ ಫಾರ್ಮ್ ಮುಗೀತು. ನಂಗೆ ಆರನೇ ಬೆಡ್ ಅಂತೆ."

"ಆರರಲ್ಲಿ ಯಾರೋ ಮಲಗಿದಾರಲ್ಲೋ ಶ್ರೀಕಂಠ."

ಯೋಗೀಶ ಇಬ್ಬರ ನಡುವೆ ಬಂದು ನಿಂತ. "ಮೇಡಂ, ನೀವು ಪರೀಕ್ಷೆಗೆ ಬಂದವರಲ್ವಾ?"

"ಯಾವ ಪರೀಕ್ಷೆ? ಇವನಿಗೆ ನಾಳೆ ಹರ್ನಿಯಾ ಆಪರೇಷನ್. ನಾನು ಇವನ ತಾಯಿ ಭಾಗೀರಥಿ. ಸೇರಿಸೋ ಮುಂಚೆ ಜಾಗ ಹೇಗಿದೆ ಅಂತ ನೋಡೋಕೆ ಬಂದೆ."

ಬಾಡಿದ ಹೂಗುಚ್ಛದೊಂದಿಗೆ ಮುಕ್ತಾ ಸಿಸ್ಟರ್ ಬಂದರು. "ಗೇಟಿನ್ಯಾಗ ನಿಂತು ನಿಂತು ಕಾಲು ಸೋತ್ವು, ಸಾಹೇಬ್ರು ಬರಲೇ ಇಲ್ಲ" ಎನ್ನುತ್ತಿದ್ದವರು ಆರನೇ ಹಾಸಿಗೆ ನೋಡಿ ನಿಂತಲ್ಲೇ ನಿಂತರು. "ಲಕ್ಷ್ಮೀಕಾಂತ ಸರ್, ನೀವು ಇಲ್ಲ್ಯಾಕ ಮಲಗೀರಿ?"

ಲಕ್ಷ್ಮೀಕಾಂತರು ಎದ್ದು ಕೂತು ಅಂಗಿ ಕೇಳಿ ತೊಟ್ಟುಕೊಂಡರು. ಅವರು ಸೊಲ್ಲಾಪುರದವರು, ಆಡಿದ ಕನ್ನಡವೆಲ್ಲ ಅವರಿಗೆ ಅರ್ಥವಾಗಿತ್ತು. "ಹಿಂದಿನ ಮೆಟ್ಟಿಲು ಹತ್ತಿ ಬಂದೆ, ದಮ್ಮು ಹತ್ತಿತ್ತು. ಇವರು ಮಾತಾಡಾಕ ಬಿಡಲಿಲ್ಲ. ಆಮ್ಯಾಲ ನಾನೂ ನೋಡೂಣು ಅಂತ ಸುಮ್ನಾದೆ" ಎಂದು ಚೀಲದಿಂದ ಅಂಕಪಟ್ಟಿ ತೆಗೆದರು. "ಹಾಸಿಗಿಗೆ ಹತ್ತಕ್ಕ ಹತ್ತು. ಸ್ನಾನಕ್ಕ ಹತ್ತು, ನನಗ ಅರ್ಧಾ ನಿದ್ದಿ ಬಂದಿತ್ತು. ಸಮಾಧಾನ ಮಾಡಿದ್ದಕ್ಕೂ ಹತ್ತು."

ಯೋಗೀಶನಿಗೆ ಹೋದ ಜೀವ ಬಂದಂತಾಯಿತು.

"ಆದರ ಪೇಷಂಟಿಗೆ ಕೈ ಹಚ್ಚೂಕಿಂತ ಮೊದಲು ಹೆಸರು ಕೇಳಬೇಕು. ನೀವು ಕೇಳಲಿಲ್ಲ. ಇವತ್ತು ಸ್ನಾನ ಆತು. ನಾಳೆ ಇವರ ಹರ್ನಿಯಾ ನನಗ ಕೊಯ್ದಿದ್ರ? ಇದೊಂದು ತಪ್ಪಿದ್ರ ಉಳಿದಿದ್ದೆಲ್ಲಾ ಬಂದ್ರೂ ಫೇಲು."

ಇಪ್ಪತ್ತೆರಡು ವರ್ಷದಲ್ಲಿ ಯೋಗೀಶ ಒಬ್ಬ ಗಿರಾಕಿಯ ಹೆಸರನ್ನೂ ಕೇಳಿದವನಲ್ಲ. ನಂಬರು ಗೊತ್ತಿದ್ದರೆ ಸಾಕಿತ್ತು. ಅವರ ಮಾತು ನ್ಯಾಯವೇ ಎನ್ನಿಸಿ ದುಃಖ ಇನ್ನಷ್ಟು ಹೆಚ್ಚಿತು. ಕೊನೆಗೆ ಕೈಮುಗಿದು, "ಸರ್, ತಮ್ಮ ಹೆಸರು ಎಂತ?" ಎಂದ.

"ಮೂರು ತಿಂಗಳ ಬಿಟ್ಟು ಮತ್ತ ಬರ್ತೀನಿ. ಆವಾಗ ಕೇಳ್ರಿ" ಎಂದರು ಲಕ್ಷ್ಮೀಕಾಂತರು.

ಗುರುವಾರ ಯೋಗೀಶ ಭಿವಂಡಿಯ ಕ್ಯಾಂಟೀನಿನಲ್ಲಿದ್ದ. ಮಧ್ಯಾಹ್ನದ ಹೊತ್ತಿಗೆ ಬಾಗಿಲಿನಾಚೆ ಉದ್ದದ ಸಾಲು ಬೆಳೆದು, ಲಾರಿ ಡ್ರೈವರುಗಳು ಗಲಾಟೆ ಎಬ್ಬಿಸಿದ್ದರು. ಸೂರಜ್ ಗಲ್ಲಾಪೆಟ್ಟಿಗೆ ಬಿಟ್ಟು ಓಡಿ ಬಂದ.

"ಭಾವ, ಇಡ್ಲಿ ತಿನ್ಲಿಕ್ಕೆ ಬಂದವರ ಪೂರ್ತಿ ಹೆಸರು ನಿಮಗೆ ಎಂತಕ್ಕೆ?"