ಅಡ್ಡ ನಿಲ್ಲುವ ಅಣ್ಣ

ನಮ್ಮ ಅಣ್ಣ ಧಾರವಾಡದ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಮೂರು ವರ್ಷ ಆಡಿದ. ಒಮ್ಮೆಯೂ ಚೆಂಡು ಮುಟ್ಟಲಿಲ್ಲ. ಹೊಟ್ಟೆಕಿಚ್ಚಿನ ಮಾತಲ್ಲ ಇದು, ಅವನೇ ಎದೆಯುಬ್ಬಿಸಿ ಹೇಳಿಕೊಳ್ಳುತ್ತಾನೆ. ಅಣ್ಣ ಅಂದರೆ ನನ್ನ ದೊಡ್ಡಪ್ಪನ ಮಗ. ಫುಟ್‌ಬಾಲ್ ಅಂದರೆ ಅಮೆರಿಕದ್ದು. ಹೊಸದಾಗಿ ಬಂದ ಆಟದ ಮಾಸ್ತರರೊಬ್ಬರು ಎಲ್ಲಿಂದಲೋ ಹಿಡಿದು ತಂದಿದ್ದರು. ಮೊಟ್ಟೆಯಾಕಾರದ ಚೆಂಡನ್ನು ಒಬ್ಬ ಅವಚಿಕೊಂಡು ಓಡುತ್ತಾನೆ. ಅವನನ್ನು ಕೆಡವಲು ಎದುರಿನವರು ನುಗ್ಗುತ್ತಾರೆ. ನುಗ್ಗುವವರಿಗೆ ಓಡುವವನ ಕಡೆಯ ಮುಂದಿನ ಸಾಲಿನವರು ಮೈಯೊಡ್ಡಿ ಅಡ್ಡ ನಿಲ್ಲುತ್ತಾರೆ. ಅಣ್ಣ ಆ ಸಾಲಿನವನು. ಪೇಪರಿನಲ್ಲಿ ಓಡಿದವನ ಫೋಟೋ ಬಂದರೆ, ಅದರ ಮೂಲೆಯಲ್ಲಿ ಅಣ್ಣನ ಮೊಣಕೈ ಇರುತ್ತಿತ್ತು. ಅದನ್ನೇ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದ.

ಅವನ ಅವ್ವ, ನಮ್ಮ ದೊಡ್ಡವ್ವನಿಗೆ ಮಾತ್ರ ಇದು ಬಗೆಹರಿಯಲೇ ಇಲ್ಲ.

"ನೀ ಅಲ್ಲಿ ಏನ್ ಆಡತಿಯೋ ತಮ್ಮಾ?"

"ಅಡ್ಡ ನಿಂದ್ರತೇನಿ ಬೇ."

"ಅದಕ್ಯಾಕ ಕಾಲೇಜು? ನಮ್ಮ ಓಣ್ಯಾಗಿನ ಎಮ್ಮಿ ಪುಕ್ಕಟೆ ನಿಂದ್ರತಾವ."

ಮಾಳಮಡ್ಡಿಯ ನಮ್ಮ ಓಣಿಯನ್ನು ಕಂಡವರಿಗೆ ಈ ಮಾತಿನ ತೂಕ ಗೊತ್ತು. ಅಲ್ಲಿ ಎಮ್ಮೆ ಮನಸ್ಸು ಮಾಡಿದರೆ ಮದುವೆ ದಿಬ್ಬಣವೂ ಕಾಯಬೇಕು.

ಒಮ್ಮೆ ದೊಡ್ಡವ್ವ ಪಂದ್ಯ ನೋಡಲು ಬಂದಳು. ಎಲ್ಲರ ತಲೆಗೂ ಹೆಲ್ಮೆಟ್. ಬೈಕ್ ಮೇಲೆ ಎಂದೂ ಹೆಲ್ಮೆಟ್ ಹಾಕದ ಮಗ ಇವರಲ್ಲಿ ಯಾವನೆಂದು ಹೇಗೆ ತಿಳಿಯಬೇಕು? ಪಾಪ, ಚೆಂಡು ಹಿಡಿದವನನ್ನೇ ನೋಡುತ್ತ ಕೂತಳು. ರಾತ್ರಿ ಊಟಕ್ಕೆ ಬಡಿಸುತ್ತ ಕೇಳಿದಳು:

"ಆ ಓಡೋ ಹುಡುಗ ಛಲೋ ಆಡಿದ. ನೀ ಎಲ್ಲಿದ್ದಿ?"

"ಅಂವ ಓಡಿದ್ದು ನನ್ನಿಂದನ ಬೇ."

"ಹೂಂ, ಇರಲಿ ಬಿಡು, ಉಣ್ಣು."

ಅಂದು ಅಣ್ಣ ಎರಡೇ ರೊಟ್ಟಿ ತಿಂದ. ಅಷ್ಟು ದೊಡ್ಡ ದೇಹಕ್ಕೆ ಅದು ಉಪವಾಸ. ಅವನಿಗೆ ಬೇಕಾಗಿದ್ದದ್ದು ಗೆದ್ದ ಕಪ್ ಅಲ್ಲ, ಫೋಟೋ ಅಲ್ಲ. ಅವ್ವ ಒಮ್ಮೆ ತನ್ನ ಆಟ ತಿಳಿದು ಛಲೋ ಆಡಿದಿ ಅನ್ನಬೇಕಿತ್ತು. ಕೊನೆಯ ವರ್ಷ ನಾಲ್ಕು ಜನ ಒಟ್ಟಿಗೆ ಅವನ ಮೊಣಕಾಲ ಮೇಲೆ ಬಿದ್ದರು. ಓಡಿದವನಿಗೆ ಕಪ್ ಸಿಕ್ಕಿತು, ಅಣ್ಣನಿಗೆ ಕುಂಟು ಸಿಕ್ಕಿತು. ಆಟ ಅಲ್ಲಿಗೆ ಮುಗಿಯಿತು.

ಚಾಳಿ ಮುಗಿಯಬೇಕಲ್ಲ? ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬಂತೆಂದರೆ ಬಾಗಿಲಿಗೆ ಬೆನ್ನು ಕೊಟ್ಟು ಮಂದಿಯನ್ನು ತಡೆದು ನಮ್ಮನ್ನೆಲ್ಲ ಹತ್ತಿಸುತ್ತಿದ್ದ. ನಮಗೆ ಕಿಟಕಿ ಪಕ್ಕದ ಸೀಟೇ ಸಿಗುತ್ತಿತ್ತು. ಬಸ್ಸು ಹೊರಟಾಗ ಅಣ್ಣ ಕೆಳಗೇ ಉಳಿದಿರುತ್ತಿದ್ದ. ಆಮೇಲಿನ ಬಸ್ಸಿಗೆ ಬರುತ್ತಿದ್ದ, ನಿಂತುಕೊಂಡೇ.

ಹೋದ ವರ್ಷ ದೊಡ್ಡವ್ವ ಹಾಸಿಗೆ ಹಿಡಿದಳು. ಅಣ್ಣ ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ನಿಂತ. ಅಳುತ್ತ ಬಂದ ನೆಂಟರನ್ನು ಒಳಗೆ ಬಿಡಲಿಲ್ಲ. "ಅಳೋದ ಇದ್ರ ಹೊರಗ ಅತ್ತು ಬರ್ರಿ" ಎನ್ನುತ್ತಿದ್ದ. ನಮಗೂ ನಗು ಬರುತ್ತಿತ್ತು, ಆಗಿನ್ನೂ ನಗುವ ಸ್ಥಿತಿ ಇತ್ತು. ಕಡೆಗೊಂದು ಬೆಳಿಗ್ಗೆ ಡಾಕ್ಟರು, "ಇನ್ನ ನಮ್ಮ ಕೈಯಾಗ ಏನೂ ಇಲ್ರಿ, ಮನಿಗೆ ಕರಕೊಂಡ ಹೋಗ್ರಿ" ಅಂದರು. ಅಣ್ಣ ಸ್ಟ್ರೆಚರಿಗೆ ಅಡ್ಡ ನಿಂತುಬಿಟ್ಟ. ಡಾಕ್ಟರು ಹೇಳಿದರು, ನಾನು ಕೈಮುಗಿದೆ, ಅವನು ಅಲುಗಲಿಲ್ಲ.

ದೊಡ್ಡವ್ವ ಕಣ್ಣು ತೆರೆದು ಅವನನ್ನೇ ಬಹಳ ಹೊತ್ತು ನೋಡಿದಳು.

"ಇದ ಏನೋ ನಿನ್ನ ಆಟ?"

"ಹೌದ್ ಬೇ."

"ಛಲೋ ಆಡಿದಿ ನನ್ನಪ್ಪಾ. ಸಾಕಿನ್ನ, ದಾರಿ ಬಿಡು."

ಅಣ್ಣ ಸರಿದು ಗೋಡೆಗೆ ಮುಖ ಮಾಡಿ ನಿಂತ. ಅವನು ಅತ್ತದ್ದನ್ನು ಅಂದೇ ನಾನು ನೋಡಿದ್ದು.

ಅಂಬುಲೆನ್ಸ್ ನಮ್ಮ ಓಣಿಯ ಬಾಯಿಯಲ್ಲೇ ನಿಂತಿತು. ಓಣಿಯೊಳಗೆ ಎಮ್ಮೆ, ಅಡ್ಡಡ್ಡ. ಅಣ್ಣ ಬಗ್ಗಿ ದೊಡ್ಡವ್ವನನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಅವಚಿಕೊಂಡು ಕುಂಟುತ್ತ ನಡೆದ. ನಾನು ಮುಂದೆ ಓಡಿ ಎಮ್ಮೆಗೆ ಬೆನ್ನು ಕೊಟ್ಟು ದಬ್ಬಿ ನಿಂತೆ. ನೆರೆಮನೆಯವರು ಸೈಕಲ್ಲು, ಕೊಡ, ಮಕ್ಕಳನ್ನೆಲ್ಲ ಬದಿಗೆ ಸರಿಸಿದರು. ಆ ಕ್ಷಣ ಇಡೀ ಓಣಿ ಅವನಿಗಾಗಿ ಅಡ್ಡ ನಿಂತಿತ್ತು.

"ಬೀಳಸೀಯೋ" ಅಂದಳು ದೊಡ್ಡವ್ವ.

"ಇಲ್ಲ ಬೇ" ಅಂದ ಅಣ್ಣ. ಮನೆಯೊಳಗೆ ಹೋಗಿ ಹಾಸಿಗೆಯ ಮುಂದೆ ನಿಂತ ಮೇಲೂ ಅವನು ಅವಳನ್ನು ಕೆಳಗಿಳಿಸಲಿಲ್ಲ.