ಎಡೆಗಿಟ್ಟ ವಿಡಿಯೋ ಗೇಮು

ಸತ್ತವರಿಗೆ ಅನ್ನ ಇಡಬೇಡಿ, ಬದುಕಿರುವವರಿಗೆ ಇಡಿ ಎಂದು ವಾರಪತ್ರಿಕೆಯಲ್ಲಿ ಬರೆದು ಬರೆದು ಬೆರಳು ಸವೆಸಿಕೊಂಡವನು ನಾನು. ಅಂಥವನ ಮನೆಯಲ್ಲೇ ಪಿತೃಪಕ್ಷಕ್ಕೆ ಎಡೆ ಇಡುವುದೆಂದು ತೀರ್ಮಾನವಾಯಿತು. ಅಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಮುದ್ದೆ, ಕೋಳಿಸಾರು, ಬೀಡಿಕಟ್ಟು, ಅದರ ಪಕ್ಕದಲ್ಲಿ ಒಂದು ವಿಡಿಯೋ ಗೇಮು! (ಗಾಬರಿಯಾಗಬೇಡಿ. ನಿಮ್ಮ ಪಾಲಿನ ಗಾಬರಿಯನ್ನೂ ನಾನೇ ಪಟ್ಟು ಮುಗಿಸಿದ್ದೇನೆ.)

ನಮ್ಮಪ್ಪ ಮಾರಯ್ಯ ನಂಜನಗೂಡಿನಲ್ಲಿ ಮೋರಿ, ಗುಂಡಿ ಶುಚಿ ಮಾಡಿಕೊಂಡು ಬದುಕಿದವರು. ತೊಂಬತ್ತರ ದಶಕದಲ್ಲಿ ಯಾರೋ ಕಸಕ್ಕೆ ಎಸೆದಿದ್ದ, ಟಿವಿಗೆ ಸಿಕ್ಕಿಸಿ ಆಡುವ ಗೇಮೊಂದನ್ನು ಮನೆಗೆ ತಂದರು. ಪರದೆಯ ಮೇಲೆ ಒಬ್ಬ ಕುಳ್ಳ ಓಡುತ್ತಾನೆ, ಗುಂಡಿ ಬಂದಾಗ ಹಾರಬೇಕು. ಅಪ್ಪನ ಕುಳ್ಳ ಹಾರಿದ್ದನ್ನು ಕಂಡವರಿಲ್ಲ. ಓಡಿದ, ಬಿದ್ದ, ಸತ್ತ. ಟಿವಿ ಟ್ಯೂನು ನುಡಿಸುತ್ತಿತ್ತು, ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕುಳ್ಳನಿಗೆ ಮೂರು ಜೀವ. ಹೋದ ವರ್ಷ ಒಂದು ಕಲ್ಯಾಣ ಮಂಟಪದ ಮಲದ ಗುಂಡಿಗೆ ಅಪ್ಪನನ್ನು ಇಳಿಸಿದ ಗುತ್ತಿಗೆದಾರ, ನಿನಗೆಷ್ಟಿವೆ ಎಂದು ಕೇಳಲಿಲ್ಲ. ಮೂಗಿಗೊಂದು ಬಟ್ಟೆಯನ್ನೂ ಕೊಡಲಿಲ್ಲ. ಹೆಣ ಮೇಲೆತ್ತುವಾಗ ಒಳಗೆ ಮದುವೆಯ ಎರಡನೇ ಪಂಕ್ತಿಗೆ ಪಾಯಸ ಬಡಿಸುತ್ತಿದ್ದರು. ನಾನು ಸುಮ್ಮನಿರಲಿಲ್ಲ, ಬರೆದೆ. ಓದಿದವರು 'ಭಾಷೆ ಚೆನ್ನಾಗಿದೆ' ಎಂದರು.

"ಅವ್ರ ಆಟದ ಟ್ಯೂನು ಕೇಳುಸ್ದೆ ನಾನು ಎಡೆ ಇಕ್ಕಾಕಿಲ್ಲ" ಎಂದು ಅವ್ವ ಹಟ ಹಿಡಿದಳು. ಟಿವಿ ಗೇಮು ಎಂದೋ ಕೆಟ್ಟು ಗುಜರಿ ಸೇರಿತ್ತು.

"ಇದು ಮೂಢನಂಬಿಕೆ!" ಎಂದು ಗುಡುಗಿದೆ.

"ನಿಮ್ ಅಂಕಣ ಓದಿ ಆ ಗುತ್ತಿಗೆದಾರ ಜೈಲಿಗೆ ಹೋದ್ನಾ?" ಎಂದಳು ನನ್ನ ಹೆಂಡತಿ ಸಂಘಮಿತ್ರಾ. "ಇಲ್ವಲ್ಲ. ಅದೂ ಒಂದು ನಂಬಿಕೇನೇ. ನಿಮ್ದು ನೀವು ನಡ್ಸಿ, ಅತ್ತೇದು ಅತ್ತೆ ನಡುಸ್ಲಿ. ಈಗ ಈರುಳ್ಳಿ ಹೆಚ್ಚಿ."

ಹೆಚ್ಚಿದೆ. (ಕಣ್ಣೀರಿಗೆ ಒಂದು ನೆಪವಾಯಿತು.)

ಆಪದ್ಬಾಂಧವನಂತೆ ಅವತರಿಸಿದವನು ಸಂಘಮಿತ್ರಾಳ ತಮ್ಮ ನಾಗೇಂದ್ರ. ನರಸೀಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಅವನ ಕೈಯಲ್ಲಿ ಅಂಗೈಯಗಲದ ಗೇಮ್ ಸೆಟ್ಟು. ಮಾಡಿದ ಕಂಪನಿಗೂ ಗೊತ್ತಿಲ್ಲದಂತೆ ಅದರೊಳಗೆ ತಾನೇ ಬರೆದ ಪ್ರೋಗ್ರಾಮೊಂದನ್ನು ತುರುಕಿದ್ದ. ಹಳೇ ಟಿವಿ ಗೇಮುಗಳ ಆಟವನ್ನು ಬಿಟ್ಟು ಬರೀ ಟ್ಯೂನುಗಳನ್ನು ನುಡಿಸುವುದು ಅದರ ಕಸುಬು.

"ಆಡಕ್ಕಾಗಲ್ವ? ಬರೀ ಕೇಳಕ್ಕಾ?"

"ಊಂ ಭಾವ."

"ಇದರಿಂದ ಸಮಾಜಕ್ಕೇನಪ್ಪ ಪ್ರಯೋಜನ?"

"ನೀವ್ ಬರಿಯೋದ್ರಿಂದ ಆಗೋವಷ್ಟು ಆಯ್ತದೆ ಬುಡಿ."

ಅಕ್ಕ ತಮ್ಮ ಒಂದೇ ಕಾರ್ಖಾನೆಯ ಮಾಲು.

ಟ್ಯೂನುಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಒಂದೊಂದಾಗಿ ನುಡಿಸಿದ. ಓಡುವ ಟ್ಯೂನಿಗೆ ಅವ್ವ ಇದಲ್ಲ ಎಂದು ತಲೆ ಅಲ್ಲಾಡಿಸಿದಳು. ನೀರಲ್ಲಿ ಈಜುವ ಟ್ಯೂನಿಗೂ ಅಷ್ಟೇ.

"ಇದು ಗೆದ್ದಾಗ ಬರೋದು ಅತ್ತೆ" ಎಂದ ನಾಗೇಂದ್ರ ಆಸೆಯಿಂದ.

"ನಮ್ಮನೇಲಿ ಯಾರಪ್ಪ ಗೆದ್ದವ್ರೆ? ಮುಂದುಕ್ ಓಗು."

ಮುಂದಿನದು ಮೂರು ಸೆಕೆಂಡಿನ ಚೂರು. ಜಾರಿ, ತಡವರಿಸಿ, ದೊಪ್ಪನೆ ಮುಗಿಯುವಂಥದ್ದು. ಅವ್ವ ನೆಟ್ಟಗೆ ಕುಳಿತಳು. "ಇದೇಯ!"

ನನ್ನ ಮೈ ಉರಿಯಿತು. "ಅವ್ವಾ, ಇದು ಗುಂಡಿಗೆ ಬಿದ್ದು ಸಾಯೋ ಟ್ಯೂನು! ಅಪ್ಪ ಸತ್ತಿದ್ದು ಎಲ್ಲಿ ಅನ್ನೋದು ಮರೆತೋಯ್ತಾ?"

"ಸಾಯೋದಲ್ಲ ಕಣ್ಲಾ" ಎಂದಳು ಅವ್ವ, ದಡ್ಡನಿಗೆ ಹೇಳುವ ಹಾಗೆ. "ಇದಾದ್ಮೇಲೆ ಅವ್ನು ಎದ್ ಬತ್ತಾನೆ. ದಿನಾ ನೋಡಿವ್ನಿ ನಾನು."

ಎದ್ದು ಹೋಗಿ 'ಸತ್ತವರಿಗೆ ಕಿವಿಯಿಲ್ಲ' ಎಂಬ ಅಂಕಣ ಬರೆಯತೊಡಗಿದೆ. ಅದನ್ನು ಸಂಪಾದಕರಿಗೆ ಫೋನಿನಲ್ಲೇ ಓದಿ ಹೇಳಬೇಕಿತ್ತು. ಮೊಬೈಲು ಸತ್ತಿತ್ತು. ಮನೆಯಲ್ಲಿ ಕೆಲಸ ಮಾಡುವ ಪ್ಲಗ್ಗು ಒಂದೇ. ಅದರಲ್ಲಿ ನಾಗೇಂದ್ರ ಗೇಮ್ ಸೆಟ್ಟು ಸಿಕ್ಕಿಸಿದ್ದ. "ಬ್ಯಾಟ್ರಿ ಅಳೇದು ಭಾವ, ಮುಟ್ಬೇಡಿ" ಎಂದೂ ಹೇಳಿದ್ದ. ವೈಚಾರಿಕತೆಯ ಹಿತದೃಷ್ಟಿಯಿಂದ ಅದನ್ನು ಕಿತ್ತು ನನ್ನ ಮೊಬೈಲು ಸಿಕ್ಕಿಸಿದೆ.

ಸಂಜೆ ಎಡೆ ಇಟ್ಟರು. ಎಲೆಯ ಪಕ್ಕ ಸೆಟ್ಟನ್ನಿಟ್ಟು, ಅದೇ ಟ್ಯೂನು ಮತ್ತೆ ಮತ್ತೆ ಬರುವಂತೆ ಮಾಡಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಬೀದಿಗೆ ಬಂದೆವು. ಹಿರೀಕರು ಉಂಡು ಏಳುವವರೆಗೆ ತೆರೆಯುವಂತಿಲ್ಲ. ಹೆಮ್ಮಿಗೆಯಿಂದ ಬಂದಿದ್ದ ಚಿಕ್ಕಪ್ಪ ಚಿಕ್ಕಮಾದು, ಅಕ್ಕಪಕ್ಕದವರು, ಎಲ್ಲರೂ ಕೈಕಟ್ಟಿ ನಿಂತರು. ಒಳಗಿನಿಂದ ಟ್ಯೂನು ಕೇಳುತ್ತಿತ್ತು. ಬಿದ್ದ. ಬಿದ್ದ. ಮತ್ತೆ ಬಿದ್ದ.

ನಿಂತುಹೋಯಿತು.

ಅವ್ವನ ಮುಖ ಬೂದಿಯಾಯಿತು. "ಯಾಕ್ಲಾ ನಾಗೇಂದ್ರ? ಅವ್ರು ಇನ್ನೂ ಒಳೀಕ್ ಬಂದಿಲ್ಲ, ನಿಂತೋಯ್ತಲ್ಲ?"

ನಾಗೇಂದ್ರ ನನ್ನನ್ನು ನೋಡಿದ. ಅದೇ ಹೊತ್ತಿಗೆ ನನ್ನ ಜೇಬಿನಲ್ಲಿ ಮೊಬೈಲು ಭೋರಿಟ್ಟಿತು. ಸಂಪಾದಕರು.

"ನಿಮ್ದು ಫುಲ್ ಚಾರ್ಜ್ ಆಗೈತೆ, ಅಲ್ವೇನ್ರೀ?" ಎಂದಳು ಸಂಘಮಿತ್ರಾ, ತಣ್ಣಗೆ.

"ಬಾಗ್ಲು ತೆಗಿಯಂಗಿಲ್ಲ" ಎಂದಳು ಅವ್ವ. "ಆ ಟ್ಯೂನ ನೀನೇ ಅನ್ಲಾ. ಬಾಯಲ್ಲಿ."

"ಅವ್ವಾ, ಬೀದಿಲಿ..."

"ಅನ್ನು ಮಗ" ಎಂದರು ಚಿಕ್ಕಪ್ಪ. "ಪೇಪರ್ನಲ್ಲಿ ಅಷ್ಟು ಜೋರಾಗ್ ಕೂಗ್ತೀಯಲ್ಲ."

ಫೋನು ಆರಿಸಿದೆ. ಮುಚ್ಚಿದ ಬಾಗಿಲಿಗೆ ಮುಖವಿಟ್ಟು, ಮೂಢನಂಬಿಕೆಗಳ ಆಜನ್ಮ ವೈರಿಯಾದ ನಾನು, "ಟಿಡಿಂಗ್... ಟಿಂಟಿಂಟಿಂ... ಟುಂಯ್... ದುಂ" ಎಂದೆ. ಯಾರಾದರೂ ನಗುತ್ತಾರೆಂದು ಕಾದೆ. ಒಬ್ಬರೂ ನಗಲಿಲ್ಲ.

ಅವ್ವ ಚಿಲುಕದ ಮೇಲೆ ಕೈಯಿಟ್ಟುಕೊಂಡೇ ಬಾಗಿಲಿಗೆ ಕಿವಿಯಾನಿಸಿದಳು. ತುಂಬಾ ಹೊತ್ತು ಕೇಳಿದಳು.

"ಇನ್ನೊಂದ್ಸಲ ಅನ್ಲಾ" ಎಂದಳು. "ಇನ್ನೂ ಎದ್ದಿಲ್ಲ."